ದಾಕ್ಷಾಯಣಮ್ಮನ ಪಥ್ಯ

ದೇಶನೂರಿನ ದೊಡ್ಡಬಸಪ್ಪನ ಮನೆಯಲ್ಲಿ ಊಟಕ್ಕೆ ಕೊರತೆ ಎಂಬ ಮಾತೇ ಇರಲಿಲ್ಲ. ಕಾಲುವೆ ನೀರು ಕುಡಿಯುವ ಗದ್ದೆ, ವರ್ಷಕ್ಕೆರಡು ಸಲ ಭತ್ತ, ಪಡಸಾಲೆಯ ಗೋಡೆಗುಂಟ ಸೋನಾಮಸೂರಿ ಅಕ್ಕಿಯ ಚೀಲಗಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವರನ್ನೂ ಅವನ ಹೆಂಡತಿ ದಾಕ್ಷಾಯಣಮ್ಮ ಉಣ್ಣಿಸದೆ ಕಳಿಸಿದವಳಲ್ಲ. ಅಂಥ ಮನೆಯ ಕಟ್ಟೆಯ ಮೇಲೆ ಕೂತು ಅಂಗನವಾಡಿಯ ಜ್ಯೋತಿ ಟೀಚರ್, "ಅಮ್ಮಾರ, ನಿಮ್ಮ ಸೊಸಿನ್ನ ಮಧ್ಯಾಹ್ನ ಊಟಕ್ಕ ಅಂಗನವಾಡಿಗೆ ಕಳಸ್ರಿ. ಬಸುರಿ ಹೆಂಗಸ್ರಿಗೆ ಅಂತ ಬಿಸಿಯೂಟ ಐತಿ" ಎಂದಾಗ ದಾಕ್ಷಾಯಣಮ್ಮನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

"ನಮ್ಮನಿಯಾಗ ಕೂಳಿಲ್ಲ ಅಂತ ಯಾರರ ಹೇಳ್ಯಾರೇನವ್ವ ನಿನಗ?"

"ಹಂಗಲ್ರಿ ಅಮ್ಮಾರ. ಊರಾಗಿನ ಬಸುರೇರು ಒಟ್ಟಿಗೆ ಕುಂತು ಉಣ್ತಾರ. ವಾರಕ್ಕೊಮ್ಮಿ ಅತ್ತಿ, ಸೊಸಿ ಎಲ್ಲಾರ್ನೂ ಕೂಡಿಸಿ ಮಾತಾಡ್ತೀವಿ. ಏನು ತಿನಬೇಕು, ಗುಳಿಗಿ ಹ್ಯಾಂಗ ನುಂಗಬೇಕು ಅಂತ..."

"ಉಣ್ಣೋರು ಉಣ್ಲಿ. ದೊಡ್ಡಬಸಪ್ಪನ ಸೊಸಿ ತಾಟು ಹಿಡ್ಕೊಂಡು ಕುಂತ್ಲು ಅಂತ ನಾಳೆ ಮಂದಿ ಆಡ್ಕೊಬೇಕೇನು? ನನ್ನ ಸೊಸಿನ್ನ ನಾ ನೋಡ್ಕೋತೀನಿ. ನೀ ಹೋಗಿಬಾ."

ಜ್ಯೋತಿ ಎದ್ದು ಹೋದಳು. ಬಾಗಿಲ ಹಿಂದೆ ನಿಂತಿದ್ದ ಸೊಸೆ ಅಕ್ಷತಾ ಒಳಗೆ ಸರಿದಳು.

ಅಕ್ಷತಾ ಬಳ್ಳಾರಿಯ ಹುಡುಗಿ. ಬಿ.ಕಾಂ. ಓದಿದವಳು. ತಂದೆಗೆ ಅಲ್ಲಿ ಬಟ್ಟೆ ಅಂಗಡಿ. ಅವಳು ಹೈಸ್ಕೂಲಿನಲ್ಲಿದ್ದಾಗಲೇ ತಾಯಿ ತೀರಿಹೋಗಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದು ರೂಢಿ, ಆದರೆ ತಾಯಿಯಿಲ್ಲದ ತವರಿಗೆ ಯಾರನ್ನು ನೆಚ್ಚಿ ಕಳಿಸುವುದು? "ನೀವು ಚಿಂತಿ ಬಿಡ್ರಿ ಬೀಗರ, ಆಕಿನ್ನ ಹಡದವ್ವನಂಗ ನೋಡ್ಕೋತೀನಿ" ಎಂದು ದಾಕ್ಷಾಯಣಮ್ಮ ಮಾತು ಕೊಟ್ಟಿದ್ದಳು. ಆ ಮಾತನ್ನು ಅವಳು ಅಕ್ಷರಶಃ ನಡೆಸುತ್ತಿದ್ದಳು. ಅಕ್ಷತಾಳಿಗೆ ಭಾರದ ಕೊಡ ಎತ್ತಗೊಡುತ್ತಿರಲಿಲ್ಲ. ಬಚ್ಚಲಿಗೆ ಹೋದರೆ ಜಾರೀತೆಂದು ಹಿಂದೆಯೇ ಹೋಗಿ ನಿಲ್ಲುತ್ತಿದ್ದಳು. ಊಟದಲ್ಲಂತೂ ಅವಳ ಪಥ್ಯ ಬಲು ಬಿಗಿ. ಸೊಪ್ಪು ತಂಪು, ಬೇಡ. ಶೇಂಗಾ ಪಿತ್ತ, ಬೇಡ. ಎಳ್ಳು ಬೆಲ್ಲ ಉಷ್ಣ, ಅದಂತೂ ಬೇಡವೇ ಬೇಡ. ಬಿಳಿ ಅನ್ನ, ತಿಳಿ ಸಾರು, ಮೇಲೊಂದಿಷ್ಟು ತುಪ್ಪ, ಊಟವಾದ ಕೂಡಲೇ ಬಿಸಿ ಚಹಾ. ಐದು ತಿಂಗಳು ತುಂಬಿದ ಮೇಲೆ ಎರಡನೇ ಸಲ ಅನ್ನ ಹಾಕುವುದನ್ನೂ ನಿಲ್ಲಿಸಿದ್ದಳು. ಸರ್ಕಾರಿ ಆಸ್ಪತ್ರೆಯವರು ಕೊಟ್ಟ ರಕ್ತದ ಗುಳಿಗೆಗಳು ದೇವರ ಮಾಡದಲ್ಲಿ ಪಟದ ಹಿಂದೆ ಬಿದ್ದಿದ್ದವು.

ಇದಕ್ಕೆಲ್ಲ ಒಂದೇ ಕಾರಣ. ಹೊಟ್ಟೆಯಲ್ಲಿ ಕೂಸು ದೊಡ್ಡದಾಗಬಾರದು.

ದಾಕ್ಷಾಯಣಮ್ಮನ ತವರು ಕುರುಗೋಡು ಕಡೆಯ ಬಾದನಹಟ್ಟಿ. ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಕ್ಕ ಗುರುಬಸಮ್ಮ ಹೆರಿಗೆಗೆಂದು ಮನೆಗೆ ಬಂದಿದ್ದಳು. ಒಂದು ಮಧ್ಯಾಹ್ನ ಪುಸ್ತಕದ ಚೀಲ ಹೊತ್ತು ಮನೆಗೆ ಬಂದರೆ ಅಂಗಳದ ತುಂಬ ಹೆಂಗಸರು. ಒಳಕೋಣೆಗೆ ಅವಳನ್ನು ಯಾರೂ ಬಿಡಲಿಲ್ಲ. ಅಕ್ಕನೂ ಇಲ್ಲ, ಕೂಸೂ ಇಲ್ಲ. "ಕೂಸು ಬಾಳ ದೊಡ್ಡದಿತ್ತಂತ. ತಿಂದೂ ತಿಂದೂ ಬೆಳಸಿಬಿಟ್ಲು" ಎಂದು ಅಂಗಳದಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು. ಆ ಮಾತು ಮುಳ್ಳಿನಂತೆ ಒಳಗೇ ಮುರಿದು ಉಳಿಯಿತು. ಮಗ ಸಂಗಮೇಶ್ ಹೊಟ್ಟೆಯಲ್ಲಿದ್ದಾಗ ಅವಳೂ ಅರೆಹೊಟ್ಟೆಯಲ್ಲೇ ದಿನ ಕಳೆದಿದ್ದಳು. ತಾಯಿ, ಮಗು ಇಬ್ಬರೂ ಉಳಿದರು. ಅಲ್ಲಿಗೆ ಅವಳ ನಂಬಿಕೆಗೆ ಮುದ್ರೆ ಬಿದ್ದಂತಾಯಿತು.

ಆರು ತಿಂಗಳು ತುಂಬುವ ಹೊತ್ತಿಗೆ ಅಕ್ಷತಾ ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಕುಸಿದು ಕೂತಳು. ಮುಖದ ಮೇಲೆ ಬೆವರು, ತುಟಿ ಬಿಳುಪು. ಸಂಗಮೇಶ್ ಕಾರಿನಲ್ಲಿ ಹಾಕಿಕೊಂಡು ಸಿರುಗುಪ್ಪಕ್ಕೆ ಓಡಿಸಿದ. ಅಲ್ಲಿ ರಕ್ತ ಪರೀಕ್ಷೆ ಮಾಡಿದವರು ತಡಮಾಡದೆ ಬಳ್ಳಾರಿಗೆ ಕರೆದೊಯ್ಯಿರಿ ಎಂದರು. ದಾಕ್ಷಾಯಣಮ್ಮ ಹಿಂದಿನ ಸೀಟಿನಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಬಸವಣ್ಣನನ್ನು ನೆನೆಯುತ್ತ ಕೂತಿದ್ದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ವೈದ್ಯೆ ಅಕ್ಷತಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಉಗುರು ಒತ್ತಿ ನೋಡಿದಳು.

"ರಕ್ತ ಬಹಳ ಕಡಿಮೆ ಇದೆ. ಬಾಟ್ಲಿ ಮೂಲಕ ಔಷಧ ಕೊಡಬೇಕು, ಒಂದೆರಡು ದಿನ ಇಲ್ಲೇ ಇರಲಿ" ಎಂದವಳು ಅಕ್ಷತಾಳ ಕಡೆ ತಿರುಗಿ, "ನಿನ್ನೆ ಬೆಳಗಿನಿಂದ ಏನೇನು ತಿಂದೆಯಮ್ಮಾ?" ಎಂದು ಕೇಳಿದಳು.

ಅಕ್ಷತಾ ಅತ್ತೆಯ ಮುಖ ನೋಡಿದಳು. ದಾಕ್ಷಾಯಣಮ್ಮ ತಾನೇ ಹೇಳಿದಳು. ಏನೇನು ಕೊಟ್ಟೆ, ಏನೇನು ಬಿಡಿಸಿದೆ, ಗುಳಿಗೆ ಯಾಕೆ ಕೊಡಲಿಲ್ಲ, ಎಲ್ಲವನ್ನೂ. ಹೇಳುವಾಗ ದನಿಯಲ್ಲಿ ಅಳುಕಿರಲಿಲ್ಲ. ತಾನು ಎಷ್ಟು ಜೋಪಾನ ಮಾಡಿದ್ದೇನೆ ಎಂಬುದು ವೈದ್ಯೆಗೂ ಗೊತ್ತಾಗಲಿ ಎಂಬಂತೆ ಹೇಳಿದಳು.

ವೈದ್ಯೆ ಗದರಲಿಲ್ಲ. "ಅಮ್ಮಾ, ನೀವು ಪ್ರೀತಿಯಿಂದಲೇ ಮಾಡಿದ್ದೀರಿ. ಆದರೆ ಈ ಹುಡುಗಿ ಹಸಿದಿದ್ದಾಳೆ" ಎಂದಳು.

ಹಸಿದಿದ್ದಾಳೆ! ತನ್ನ ಮನೆಯಲ್ಲಿ! ದಾಕ್ಷಾಯಣಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೊರಗೆ ಬಂದ ಮೇಲೆ ಸಂಗಮೇಶ್ ತಡೆದುಕೊಳ್ಳಲಾರದೆ, "ಗುಳಿಗಿ ಯಾಕ ಮುಚ್ಚಿಟ್ಟಿ ಅಮ್ಮ? ನನಗರ ಒಂದು ಮಾತು ಹೇಳಬಾರದಾಗಿತ್ತೇನು?" ಎಂದ.

"ನಿಮ್ಮ ದೊಡ್ಡಮ್ಮಗ ಏನಾತು ಗೊತ್ತೈತೇನು ನಿನಗ?"

"ಯಾವ ದೊಡ್ಡಮ್ಮ?"

ಅವನಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಆ ಹೆಸರನ್ನು ಅವಳು ಯಾವತ್ತೂ ಎತ್ತಿರಲಿಲ್ಲ.

ಆ ಸಂಜೆ ಅಕ್ಷತಾಳ ತಂದೆ ಬಂದು ನೋಡಿ ಹೋದ ಮೇಲೆ ವಾರ್ಡಿನಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಅಕ್ಷತಾಳ ಕೈಗೆ ಸೂಜಿ ಚುಚ್ಚಿ ಬಾಟ್ಲಿ ಏರಿಸಿದ್ದರು. ಕಿಟಕಿಯಾಚೆ ಕೋಟೆ ಗುಡ್ಡದ ಬಂಡೆಗಳು ಬಿಸಿಲಿಳಿದು ಕೆಂಪಾಗುತ್ತಿದ್ದವು.

"ನಿನಗ ಹಸಿವು ಆಗ್ತಿತ್ತೇನು ಅಕ್ಷತಾ?"

ಅಕ್ಷತಾ ಹೊದಿಕೆಯ ಅಂಚು ಹಿಡಿದು ಮಡಚುತ್ತ, "ದಿನಾ ಆಗ್ತಿತ್ತು ಅತ್ತಿ" ಎಂದಳು. "ನಮ್ಮಮ್ಮ ಇದ್ದಿದ್ರ, ಇನ್ನೊಂದೀಟು ಹಾಕಮ್ಮ ಅಂತಿದ್ನಿ. ನಿಮ್ಮನ್ನ ಕೇಳಾಕ ನಾಚಿಕಿ ಆತು. ಕೂಸಿನ ಒಳ್ಳೇದಕ್ಕ ಹೇಳ್ತಾರ ಅಂತ ಸುಮ್ಮನಿದ್ನಿ."

ದಾಕ್ಷಾಯಣಮ್ಮ ಮುಖ ತಿರುಗಿಸಿಕೊಂಡಳು. ಹಡೆದವ್ವನಂತೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟವಳು ತಾನು.

ಮರುದಿನ ಬೆಳಿಗ್ಗೆ ಮಗನನ್ನು ಆಸ್ಪತ್ರೆಯಲ್ಲಿ ಬಿಟ್ಟು ಅವಳೊಬ್ಬಳೇ ಕುರುಗೋಡಿನ ಬಸ್ಸು ಹತ್ತಿದಳು. ಅಲ್ಲಿಂದ ಆಟೋದಲ್ಲಿ ಬಾದನಹಟ್ಟಿ. ಅಣ್ಣನ ಮನೆಗೆ ಹೋಗಲಿಲ್ಲ. ಕೇರಿ ದಾಟಿ ಸೂಲಗಿತ್ತಿ ದುರುಗಮ್ಮನ ಮನೆಯ ಮುಂದೆ ನಿಂತಳು. ಊರಿನ ಅರ್ಧ ಮಂದಿಯನ್ನು ಭೂಮಿಗೆ ತಂದ ಕೈ ಆಕೆಯದು. ಈಗ ಕಣ್ಣಿಗೆ ಪೊರೆ ಬಂದಿತ್ತು, ಬೆನ್ನು ಬಾಗಿತ್ತು. ನೆರಳಿನಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಯಾರವ್ವ?"

"ನಾನು. ಗುರುಬಸಮ್ಮನ ತಂಗಿ."

ದುರುಗಮ್ಮನ ಕೈ ನಿಂತಿತು. "ದಾಕ್ಷಾಯಣಿ. ನೀ ಆವಾಗ ಸಾಲಿಗಿ ಹೋಗ್ತಿದ್ದಿ. ಕುಂದ್ರು."

ದಾಕ್ಷಾಯಣಮ್ಮ ಅವಳ ಎದುರು ಕೂತಳು. "ದುರುಗಮ್ಮ, ಖರೇ ಹೇಳು. ನಮ್ಮಕ್ಕನ ಕೂಸು ಬಾಳ ದೊಡ್ಡದಿತ್ತೇನು?"

"ದೊಡ್ಡದು?" ಮುದುಕಿ ತನ್ನ ಅಂಗೈ ಚಾಚಿ ತೋರಿಸಿದಳು. "ಈ ಕೈಯಾಗ ಹಿಡಿಸಿತ್ತು ತಾಯಿ. ಇಲಿಮರಿಯಂಗ ಇತ್ತು. ಯಾರಂದ್ರು ನಿನಗ ದೊಡ್ಡದಂತ?"

"ಅಂಗಳದಾಗ ಅಂದ್ರು. ಎಲ್ಲಾರೂ ಅಂದ್ರು."

"ಸತ್ತ ಮನಿಯಾಗ ಮಂದಿ ಏನರ ಒಂದು ಅನಬೇಕಲ್ಲ, ಅಂದ್ರು. ಕೂಸು ಸಲೀಸಾಗೇ ಬಂತು. ಆಮ್ಯಾಲೆ ರಕ್ತ ನಿಲ್ಲಲಿಲ್ಲ. ಆಕಿ ಮೈಯಾಗ ಮೊದ್ಲೇ ರಕ್ತ ಇರಲಿಲ್ಲ, ಕಣ್ಣು ಉಗುರು ಎಲ್ಲಾ ಸುಣ್ಣ ಬಳದಂಗ ಇದ್ದುವು. ಹುಡುಗಿಗೆ ತಿನ್ನಾಕ ಕೊಡ್ರಿ ಅಂತ ನಿಮ್ಮಮ್ಮಗ ಹೇಳಿದ್ನಿ. ಕೂಸು ಬೆಳದ್ರ ಹ್ಯಾಂಗ ಅಂತ ಆಕಿ ಅಂಜಿದ್ಲು. ಆಕಿದೂ ತಪ್ಪಲ್ಲ, ಆಕಿಗೆ ಆಕಿ ಅತ್ತಿ ಹಂಗ ಹೇಳಿದ್ಲು." ದುರುಗಮ್ಮ ಒಂದು ಬೀಜ ಬಿಡಿಸಿ ಪಕ್ಕಕ್ಕಿಟ್ಟಳು. "ಬಾಳ ದಿನಾ ನನಗೂ ನಿದ್ದಿ ಬರಲಿಲ್ಲ ತಾಯಿ. ಯಾರೂ ಬಂದು ಕೇಳಲಿಲ್ಲ. ನೀನ ಮೊದಲನೇದಾಕಿ."

ದಾಕ್ಷಾಯಣಮ್ಮ ಅಲ್ಲೇ ಕೂತು ಅತ್ತಳು. ಇಷ್ಟು ವರ್ಷದ ಮೇಲೆ ಅಕ್ಕನಿಗಾಗಿ ಅತ್ತದ್ದು ಅದೇ ಮೊದಲು. ಯಾಕೆಂದರೆ ಒಳಗೊಳಗೇ ಅವಳು ಅಕ್ಕನ ಮೇಲೆ ಮುನಿಸಿಕೊಂಡಿದ್ದಳು. ಬಾಯಿಗೆ ಸ್ವಲ್ಪ ಕಡಿವಾಣ ಹಾಕಿದ್ದರೆ ಉಳಿಯುತ್ತಿದ್ದಳಲ್ಲ ಎಂದು. ಆ ಪಾಪದ ಹುಡುಗಿ ಹಸಿದುಕೊಂಡೇ ಹೋಗಿದ್ದಳು.

ಅಕ್ಷತಾಳನ್ನು ಊರಿಗೆ ಕರೆತಂದ ಮರುದಿನ ದಾಕ್ಷಾಯಣಮ್ಮ ತಾನೇ ಅಂಗನವಾಡಿಗೆ ಹೋದಳು. ಜ್ಯೋತಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದವಳು ಗಾಬರಿಯಾಗಿ ಎದ್ದು ನಿಂತಳು. ಇನ್ನೇನು ಜಗಳ ಕಾದಿದೆಯೋ ಎಂದು.

"ನಾಳಿಂದ ಊಟಕ್ಕ ಬರ್ತೀವಿ" ಎಂದಳು ದಾಕ್ಷಾಯಣಮ್ಮ. "ಆಕಿ ಒಬ್ಬಾಕಿನ್ನ ಕಳಸಂಗಿಲ್ಲ, ನಾನೂ ಬಂದು ಕುಂದರ್ತೀನಿ. ನನ್ನ ಅಕ್ಕಿ ನಾ ತರ್ತೀನಿ, ಸರ್ಕಾರದ್ದು ಬ್ಯಾಡ."

ಜ್ಯೋತಿಯ ಮುಖ ಅರಳಿತು. "ಬರ್ರಿ ಅಮ್ಮಾರ. ಬರ್ರಿ."

ಬರುತ್ತೇನೆಂದು ಅಂದದ್ದು ಸುಲಭವಾಯಿತು, ತಾಟಿನ ಮುಂದೆ ಕೂತದ್ದು ಸುಲಭವಾಗಲಿಲ್ಲ. ಚಾಪೆಯ ಮೇಲೆ ಸಾಲಾಗಿ ಕೂತಿದ್ದ ಬಸುರಿಯರು, ಬಾಣಂತಿಯರು ಮಾತು ನಿಲ್ಲಿಸಿ ಇವಳನ್ನೇ ನೋಡುತ್ತಿದ್ದರು. ಅಡುಗೆ ಮಾಡಿದವಳು ಕೆಳಗಿನ ಕೇರಿಯ ಹೆಂಗಸು. ದಾಕ್ಷಾಯಣಮ್ಮ ಹುಟ್ಟಿದಾಗಿನಿಂದ ಆ ಕೇರಿಯ ಕೈಯಡುಗೆ ಉಂಡವಳಲ್ಲ. ತಾಟಿಗೆ ಅನ್ನ ಬಿತ್ತು, ಸೊಪ್ಪು ಬೇಳೆ ಹಾಕಿದ ಗಟ್ಟಿ ಸಾರು ಬಿತ್ತು, ಮೊಟ್ಟೆ ತಿನ್ನದವರಿಗೆಂದು ಮೊಳಕೆ ಹೆಸರುಕಾಳು ಬಿತ್ತು. ಬಡಿಸಿದವಳು ಸೌಟು ಹಿಡಿದು ಅಲ್ಲೇ ನಿಂತಳು. ಅಕ್ಷತಾ ಅತ್ತೆಯನ್ನು ನೋಡುತ್ತಿದ್ದಳು. ಅತ್ತೆ ಉಣ್ಣದೆ ಅವಳು ಉಣ್ಣುವವಳಲ್ಲ. ದಾಕ್ಷಾಯಣಮ್ಮ ಕಣ್ಣು ಮುಚ್ಚಿ ಕೈಮುಗಿದು, ಕಲಸಿ, ತುತ್ತು ಬಾಯಿಗಿಟ್ಟಳು.

"ಉಪ್ಪು ಒಂದೀಟು ಮುಂದೈತಿ" ಎಂದಳು.

ಸಾಲಿನ ತುದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಡಿಸಿದವಳೂ ನಕ್ಕಳು. ಅಕ್ಷತಾ ಅವತ್ತು ಎರಡನೇ ಸಲ ಹಾಕಿಸಿಕೊಂಡು ಉಂಡಳು.

ವಾರದ ಸಭೆಗಳಲ್ಲಿ ದಾಕ್ಷಾಯಣಮ್ಮ ಮೊದಮೊದಲು ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಜ್ಯೋತಿಯ ಜೊತೆ ವಾದಕ್ಕೆ ಇಳಿದಳು. ಗುಳಿಗೆ ನುಂಗಿದರೆ ಕೂಸು ಕಪ್ಪಾಗುವುದಿಲ್ಲ ಎಂದು ಹೇಗೆ ಹೇಳುತ್ತೀ? ಊಟದ ಹಿಂದೆಯೇ ಚಹಾ ಕುಡಿದರೆ ಉಂಡದ್ದರ ಸತ್ವ ಮೈಗೆ ಹತ್ತುವುದಿಲ್ಲ ಅಂದರೆ ಏನರ್ಥ? ಜ್ಯೋತಿ ಬೇಸರಿಸದೆ ಹೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು, ಮುಂದಿನ ವಾರ ಆಸ್ಪತ್ರೆಯಲ್ಲಿ ಕೇಳಿಕೊಂಡು ಬರುತ್ತಿದ್ದಳು. ಅದು ದಾಕ್ಷಾಯಣಮ್ಮನಿಗೆ ಹಿಡಿಸಿತು.

ಮನೆಯಲ್ಲೂ ಪಥ್ಯ ತಿರುವುಮುರುವಾಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮತ್ತೆ ಒಲೆಯ ಬಳಿಗೆ ಬಂದವು. ಊಟಕ್ಕೆ ಅಪ್ಪ ಮಗ ಕೂತಾಗ ದಾಕ್ಷಾಯಣಮ್ಮ ಮೂರನೇ ತಾಟು ಇಟ್ಟು ಸೊಸೆಯನ್ನು ಕರೆದಳು. ದೊಡ್ಡಬಸಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು ನೋಡಿದ.

"ಇದೇನಿದು ಹೊಸಾದು?"

"ಹೊಸಾದ. ಉಣ್ರಿ ಸುಮ್ನ" ಎಂದಳು.

ಅಕ್ಷತಾಳಿಗೆ ಗುಳಿಗೆಯಿಂದ ವಾಕರಿಕೆ ಬರುತ್ತಿತ್ತು. ಕೆಲವು ದಿನ ನುಂಗಿದ್ದೆಲ್ಲ ಕಕ್ಕಿಬಿಡುತ್ತಿದ್ದಳು. ಸಿರುಗುಪ್ಪದಲ್ಲಿ ಮತ್ತೆ ರಕ್ತ ನೋಡಿದಾಗ ಸ್ವಲ್ಪವೇ ಏರಿತ್ತು. ದಾಕ್ಷಾಯಣಮ್ಮ ಎದೆಗುಂದಿದಳು. ಆದರೆ ಮುಂದಿನ ಸಲ ಇನ್ನಷ್ಟು ಏರಿತು, ಕೆನ್ನೆಗೆ ಕಳೆ ಬಂತು. ಕೂಸು ಒಳಗಿಂದ ಒದೆಯುವುದು ಹೊರಗೇ ಕಾಣತೊಡಗಿತು.

ಮೇ ತಿಂಗಳ ಸುಡುಬಿಸಿಲಿನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾಯಿತು. ಹೆರಿಗೆ ಕೋಣೆಯ ಹೊರಗೆ ದಾಕ್ಷಾಯಣಮ್ಮ ಒಂದು ಕಡೆ ನಿಲ್ಲಲಾರದೆ ಅತ್ತಿಂದಿತ್ತ ತಿರುಗಿದಳು. ನರ್ಸು ಬಂದು "ಹೆಣ್ಣುಕೂಸು, ತಾಯಿನೂ ಆರಾಮದಾಳ, ರಕ್ತಸ್ರಾವ ಏನೂ ಜಾಸ್ತಿ ಆಗಿಲ್ಲ" ಎಂದಾಗ ಬಸವಣ್ಣನನ್ನು ನೆನೆದು ಕೈಮುಗಿದಳು. ಕೂಸು ಮೈಕೈ ತುಂಬಿಕೊಂಡು ದುಂಡಗಿತ್ತು. ಒಳಗೆ ಅಕ್ಷತಾಳ ಮಂಚದ ಬಳಿ ಅದನ್ನು ಎತ್ತಿಕೊಂಡಾಗ ದಾಕ್ಷಾಯಣಮ್ಮನ ಕೈ ತಾನಾಗಿಯೇ ಸೆರಗಿನ ಗಂಟಿಗೆ ಹೋಯಿತು. ಹುಟ್ಟಿದ ಕೂಸಿನ ನಾಲಿಗೆಗೆ ಮುಟ್ಟಿಸಲು ಮನೆಯಿಂದಲೇ ಜೇನುತುಪ್ಪದ ಸಣ್ಣ ಸೀಸೆ ತಂದಿದ್ದಳು.

"ಅತ್ತೀ" ಎಂದಳು ಅಕ್ಷತಾ, ದಣಿದ ದನಿಯಲ್ಲಿ. "ಜೇನು ಬ್ಯಾಡ. ಮೊದಲು ನನ್ನ ಹಾಲು."

"ಒಂದು ಹನಿ ಅಷ್ಟ..."

"ಒಂದು ಹನಿನೂ ಬ್ಯಾಡ ಅತ್ತಿ. ಜ್ಯೋತಿ ಟೀಚರ್ ಹೇಳಿದಾಗ ನೀವೂ ಅಲ್ಲೇ ಕುಂತಿದ್ರಿ."

ಈ ಹುಡುಗಿ ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದನ್ನು ಕಲಿತಿದ್ದಾಳೆ ಎಂದು ದಾಕ್ಷಾಯಣಮ್ಮನಿಗೆ ಅನ್ನಿಸಿತು. ಸೀಸೆಯನ್ನು ಮತ್ತೆ ಗಂಟು ಕಟ್ಟಿ ಕೂಸನ್ನು ತಾಯಿಯ ಎದೆಗೆ ಕೊಟ್ಟಳು.

ಆಗಸ್ಟಿನಲ್ಲಿ ಕಾಲುವೆಗೆ ನೀರು ಬಿಟ್ಟು ಊರಿಗೆ ಊರೇ ನಾಟಿಗೆ ಇಳಿಯಿತು. ಆ ಹೊತ್ತಿಗೆ ಅಂಗನವಾಡಿ ಸಭೆಯಲ್ಲಿ ದಾಕ್ಷಾಯಣಮ್ಮ ಗೋಡೆಗೆ ಒರಗುವುದನ್ನು ಬಿಟ್ಟಿದ್ದಳು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, "ಬಸುರಿ ಹೊಟ್ಟಿ ತುಂಬ ಉಂಡ್ರ ಕೂಸಿಗೆ ಏನೂ ಆಗಂಗಿಲ್ಲ, ನೋಡ್ರಿ ಈಕಿನ್ನ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಒಂದು ದಿನ ಹಾಗೆ ಹೇಳುತ್ತಿರುವಾಗ ಸುಂಕಮ್ಮ ಎಂಬ ಕೂಲಿ ಹೆಂಗಸು ಎದ್ದು ನಿಂತಳು.

"ನೀವು ಹೇಳೋದು ಖರೆ ಅಮ್ಮಾರ. ನನ್ನ ಸೊಸಿಗೂ ಐದು ತಿಂಗಳು. ಆದ್ರ ಆಕಿ ನಿಮ್ಮ ಗದ್ಯಾಗ ನಾಟಿ ಹಚ್ಚಾಕತ್ಯಾಳ. ನಡುವ ಎದ್ದು ಊಟಕ್ಕ ಇಲ್ಲಿಗೆ ಬಂದ್ರ ನಿಮ್ಮ ಮೇಸ್ತ್ರಿ ಅರ್ಧ ಕೂಲಿ ಹಿಡೀತಾನ. ಆಕಿ ಹ್ಯಾಂಗ ಉಣಬೇಕು, ನೀವ ಹೇಳ್ರಿ."

ಜ್ಯೋತಿ ನೆಲ ನೋಡಿದಳು. ತನ್ನ ಮನೆಯ ಗದ್ದೆಯ ಲೆಕ್ಕಾಚಾರವನ್ನು ದಾಕ್ಷಾಯಣಮ್ಮ ಯಾವತ್ತೂ ಕೇಳಿದವಳಲ್ಲ. ಅದು ಗಂಡಸರ ಕೆಲಸ ಎಂದುಕೊಂಡಿದ್ದಳು.

ಅವತ್ತು ಊಟಕ್ಕೆ ಕೂತ ಗಂಡನ ಮುಂದೆ ಅವಳು ಮಾತು ತೆಗೆದಳು. ಬಸುರಿ ಹೆಂಗಸರನ್ನು ಮಧ್ಯಾಹ್ನ ಅಂಗನವಾಡಿ ಊಟಕ್ಕೆ ಬಿಡಬೇಕು, ಕೂಲಿ ಹಿಡಿಯಬಾರದು.

"ಒಬ್ಬಾಕಿನ್ನ ಬಿಟ್ರ ಎಲ್ಲಾರೂ ಕೇಳ್ತಾರ" ಎಂದ ದೊಡ್ಡಬಸಪ್ಪ. "ಊರಾಗಿನ ಉಳದ ರೈತ್ರು ನನ್ನ ಮ್ಯಾಲೆ ಬರ್ತಾರ. ಇವೆಲ್ಲಾ ನಿನಗ ತಿಳಿಯಾಂಗಿಲ್ಲ, ಬಿಡು."

"ತಿಳಿಯಾಂಗಿಲ್ಲ ಅಂತ ಸುಮ್ಮನಿದ್ದದ್ದು ಸಾಕಾತ್ರಿ" ಎಂದು ಅವಳು ಅವನ ಎದುರೇ ಕೂತಳು. ಮದುವೆಯಾದಾಗಿನಿಂದ ಹೇಳದಿದ್ದ ಗುರುಬಸಮ್ಮನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ದುರುಗಮ್ಮ ತೋರಿಸಿದಂತೆಯೇ ತಾನೂ ಅಂಗೈ ಚಾಚಿ ತೋರಿಸಿದಳು. ದೊಡ್ಡಬಸಪ್ಪನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಒಳಗೆ ಮೊಮ್ಮಗಳು ಎದ್ದು ಅತ್ತಳು, ಅಕ್ಷತಾ ಸಮಾಧಾನ ಮಾಡುವುದು ಕೇಳಿಸಿತು.

"ಪಾಲಯ್ಯಗ ಏನಂತ ಹೇಳ್ಲಿ?" ಎಂದ ಕೊನೆಗೆ. ಪಾಲಯ್ಯ ಅವರ ಮೇಸ್ತ್ರಿ.

"ನೀವೇನೂ ಹೇಳಬ್ಯಾಡ್ರಿ. ನಾ ಹೋಗ್ತೀನಿ."

ಮರುದಿನ ಮಧ್ಯಾಹ್ನ ದಾಕ್ಷಾಯಣಮ್ಮ ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿಕೊಂಡು ಗದ್ದೆಯ ಬದುವಿನ ಮೇಲೆ ನಡೆದು ಬಂದಳು. ಕೆಸರಿನಲ್ಲಿ ಬಾಗಿದ್ದ ಹೆಂಗಸರು ಬೆನ್ನೆತ್ತಿ ನೋಡಿದರು. ಪಾಲಯ್ಯ ಟವೆಲ್ಲು ಹೆಗಲಿಂದ ತೆಗೆದು ಓಡಿಬಂದ. ಅವಳು ವಿಷಯ ಹೇಳಿದಳು. ಅವನು ಯಜಮಾನರಿಗೆ ಗೊತ್ತೇ ಎಂದು ಕೇಳಿದ. ಗೊತ್ತು ಎಂದಳು. ಕೆಲಸ ಹಿಂದೆ ಬೀಳುತ್ತದೆ ಎಂದ. ಬೀಳಲಿ ಎಂದಳು.

ಸುಂಕಮ್ಮನ ಸೊಸೆ ಅಂಜುತ್ತಲೇ ಕೈಯಲ್ಲಿದ್ದ ಸಸಿಯ ಕಟ್ಟು ಕೆಳಗಿಟ್ಟು ಬದು ಹತ್ತಿ, ಕಾಲುವೆಯಲ್ಲಿ ಕಾಲು ತೊಳೆಯಲು ಹೋದಳು. ದಾಕ್ಷಾಯಣಮ್ಮ ತಿರುಗಿ ಹೊರಡುವಷ್ಟರಲ್ಲಿ ಸಾಲಿನ ನಡುವಿನಿಂದ ಇನ್ನೊಬ್ಬಳು, ತೀರ ಎಳೆಯ ಹುಡುಗಿ, ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು.

"ಅಮ್ಮಾರ, ನಂದೂ ನಾಕು ತಿಂಗಳು" ಎಂದಳು ಮೆಲ್ಲಗೆ. "ಹೇಳಿದ್ರ ಕೆಲಸಕ್ಕ ಬ್ಯಾಡ ಅಂತಾರ ಅಂತ ಹೇಳಿರಲಿಲ್ಲ."

ದಾಕ್ಷಾಯಣಮ್ಮ ಬದುವಿನಿಂದ ಕೈ ಚಾಚಿದಳು. ಹುಡುಗಿ ಕೆಸರುಗೈಯನ್ನು ಸೆರಗಿಗೆ ಒರೆಸಿಕೊಂಡು ಆ ಕೈ ಹಿಡಿದು ಮೇಲೆ ಬಂದಳು.

"ನಡಿ ತಾಯಿ. ಹೊಟ್ಟಿ ತುಂಬ ಉಂಡು, ಒಂದೀಟು ಅಡ್ಡಾಗಿ, ಆಮ್ಯಾಲೆ ಬಾ" ಎಂದಳು ದಾಕ್ಷಾಯಣಮ್ಮ.

ಆ ಇಬ್ಬರೂ ಊರ ಕಡೆ ಹೆಜ್ಜೆ ಹಾಕಿದರು. ಪಕ್ಕದ ಗದ್ದೆಯಿಂದ ಕೆಂಚಣ್ಣ, "ಏನ್ರಿ ಅಮ್ಮಾರ ಇದು, ನಮ್ಮ ಆಳುಗಳೂ ನಾಳೆ ಕೇಳ್ತಾವಲ್ರಿ!" ಎಂದು ಕೂಗಿದ.

"ಕೇಳ್ಲಿ ಬಿಡು ಕೆಂಚಣ್ಣ. ಕೇಳಿದ್ರ ಕಳಸು" ಎಂದು ಅವಳೂ ಕೂಗಿ ಹೇಳಿ, ಹುಡುಗಿಯರ ಹಿಂದೆ ಬಿರಬಿರನೆ ನಡೆದಳು.